ಉಂಡದ್ದು ಎಲ್ಲಿ ಹೋಯಿತೆಂದು ಕೇಳದ ಕಾರ್ಡು

ಮಕ್ಕಳ ಪೌಷ್ಟಿಕತೆ ಇಲಾಖೆಯ ಮುಖ್ಯಾಧಿಕಾರಿಗಳೇ,

ಮಗುವಿನ ತೂಕ ಏರದಿದ್ದರೆ ತಪ್ಪು ಯಾರದೆಂಬುದನ್ನು ನೀವು ಮಗುವಿನ ಮುಖ ನೋಡುವ ಮೊದಲೇ ಅಚ್ಚು ಹಾಕಿಸಿ ಇಟ್ಟಿದ್ದೀರಿ. ನಿಮ್ಮ ಹಳದಿ ಕಾರ್ಡಿನ ಹಿಂಬದಿಯಲ್ಲಿ ‘ತೂಕ ಏರದಿರಲು ಕಾರಣ’ ಎಂಬುದರ ಕೆಳಗೆ ಎರಡೇ ಚೌಕಗಳಿವೆ: ‘ಉಣಿಸುವಲ್ಲಿ ತಾಯಿಯ ನಿರ್ಲಕ್ಷ್ಯ’ ಮತ್ತು ‘ಇತರೆ’. ಮೊದಲನೆಯ ಚೌಕದಲ್ಲಿ ನಾನು ಹಾಕಿದ ಒಂದು ಗುರುತಿನಿಂದಾಗಿ ಎರಡೂವರೆ ವರ್ಷದ ಮಗುವೊಂದು ಇವತ್ತು ತಾಯಿಯಿಂದ ದೂರವಾಗಿದೆ. ಅದು ನನ್ನ ಅಣ್ಣನ ಮಗಳು, ನಮ್ಮ ಗುಬ್ಬಿ. ಇದನ್ನು ಗುಟ್ಟಾಗಿ ತಿಳಿಸಲು ನಿಮ್ಮ ಕಚೇರಿಗೆ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಹಾಗಾಗಿ ನನ್ನ ನಾಚಿಕೆಗೇಡನ್ನು ಪತ್ರಿಕೆಯಲ್ಲಿ ಎಲ್ಲರೆದುರು ಬಿಚ್ಚಿಡಬೇಕಾಗಿದೆ.

ನಾನು ಸಾಹಿತ್ಯ ಓದಿದವಳು. ಅಕ್ಷರ ದುಂಡಗಿದೆಯೆಂದು ನಿಮ್ಮ ಕೇಂದ್ರದಲ್ಲಿ ತೂಕದ ಮೇಜಿನ ಹತ್ತಿರ ತಾತ್ಕಾಲಿಕ ಕೆಲಸ ಕೊಟ್ಟಿದ್ದಾರೆ. ‘ಇತರೆ’ ಎಂದು ಗುರುತು ಹಾಕಿದರೆ ಮೂರು ಪ್ರತಿಗಳಲ್ಲಿ ವರದಿ ಬರೆಯಬೇಕು, ಮಗುವಿನ ಮಲವನ್ನೂ ಮನೆಯ ನೀರನ್ನೂ ಪ್ರಯೋಗಾಲಯಕ್ಕೆ ಕಳಿಸಬೇಕು, ಮೇಲಿನವರ ಸಹಿಗೆ ಕಾಯಬೇಕು. ‘ತಾಯಿಯ ನಿರ್ಲಕ್ಷ್ಯ’ಕ್ಕೆ ಒಂದು ಗೀಟು ಸಾಕು. ಏಳು ತಿಂಗಳಲ್ಲಿ ಎರಡನೆಯ ಚೌಕ ತುಂಬಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಇಷ್ಟೊಂದು ನಿರ್ಲಕ್ಷ್ಯದ ತಾಯಂದಿರು ಒಂದೇ ಬಡಾವಣೆಯಲ್ಲಿ ಹೇಗೆ ಬಂದು ಸೇರಿದರೆಂದು ನಿಮಗಾದರೂ ಆಶ್ಚರ್ಯವಾಗಲಿಲ್ಲವೇ? ಕೆಲಸಕ್ಕೆ ಸೇರಿದ ಮೊದಲ ದಿನವೇ ಹಿರಿಯ ನರ್ಸು ನನಗೆ ಹೇಳಿದ್ದರು: “ಸಾಹಿತ್ಯ ಓದಿದೀಯಂತೆ. ಇಲ್ಲಿ ಕತೆ ಕಟ್ಟೋಕೆ ಹೋಗ್ಬೇಡ ತಾಯಿ, ಗೀಟು ಹಾಕು, ಮುಂದಿನವರನ್ನ ಕರಿ.”

ನಾನು ಮೊದಲು ಹೇಳಿದ ಆ ಗುರುತು ಹಾಕಿದ ದಿನ, ಮಗುವನ್ನು ಎತ್ತಿಕೊಂಡು ಮೇಜಿನ ಮುಂದೆ ಬಂದವರು ನನ್ನ ಅತ್ತಿಗೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರು ಹೊಲಿಯುವ ಅವರು ಅರ್ಧ ದಿನದ ರಜೆ ಹಾಕಿ ಬಂದಿದ್ದರು. ತಕ್ಕಡಿಯ ಮುಳ್ಳು ಮೂರನೆಯ ತಿಂಗಳೂ ಅದೇ ಜಾಗದಲ್ಲಿ ನಿಂತಿತು.

“ಏನಮ್ಮಾ, ಮಗೂಗೆ ಊಟ ಹಾಕ್ತೀಯೋ, ಬರೀ ಮುತ್ತು ಕೊಡ್ತೀಯೋ?” ಎಂದರು ನರ್ಸು.

“ಎರಡೆರಡು ಸಲ ಹಾಕಿಸ್ಕೊಂಡು ತಿಂತಾಳೆ ಸಿಸ್ಟರ್,” ಎಂದ ಅತ್ತಿಗೆ ನನ್ನ ಕಡೆ ತಿರುಗಿದರು. “ನೀನೇ ಹೇಳೇ. ನಿನ್ ತಟ್ಟೆಯಿಂದಾನೂ ಕಿತ್ಕೊಂಡು ತಿನ್ನಲ್ವಾ?”

ಹೌದು. ಆ ಬೆಳಿಗ್ಗೆಯೇ ನನ್ನ ಮೊಟ್ಟೆಯಲ್ಲಿ ಅರ್ಧ ಅವಳ ಹೊಟ್ಟೆ ಸೇರಿತ್ತು. ಇಷ್ಟು ಹೇಳಿದ್ದರೆ ಸಾಕಿತ್ತು.

“ಎಲ್ಲಾ ತಾಯಂದಿರೂ ಹೇಳೋದು ಇದನ್ನೇ. ಹಿಂದೆ ಎಷ್ಟು ಜನ ನಿಂತಿದಾರೆ ನೋಡು,” ಎಂದರು ನರ್ಸು. ನಾನು ತಲೆ ತಗ್ಗಿಸಿ ಗೀಟು ಹಾಕಿದೆ. ನನ್ನ ಕೈಯನ್ನು ಯಾರೂ ಹಿಡಿದು ಹಾಕಿಸಲಿಲ್ಲ, ಮಾನ್ಯರೇ. ನನ್ನ ಬಾಯಿಗೆ ಬೀಗ ಬಿದ್ದದ್ದು ನನ್ನ ಹೇಡಿತನದಿಂದ. ಅತ್ತಿಗೆ ಗೀಟನ್ನೂ ನೋಡಿದರು, ನನ್ನನ್ನೂ ನೋಡಿದರು.

ಮನೆಯಲ್ಲಿ ಅಮ್ಮ ಕಾರ್ಡನ್ನು ಕನ್ನಡಕ ಹಾಕಿಕೊಂಡು ಓದಿದರು. “ಇದು ನನ್ನ ಬಾಯಿಂದ ಬಂದ ಮಾತಲ್ಲ, ಸೀಲು ಹೊಡೆದು ಕೊಟ್ಟಿದಾರೆ. ಕಾರ್ಖಾನೆ ಮುಖ್ಯ ಆದವಳಿಗೆ ಮಗು ಯಾಕೆ? ಸ್ವಲ್ಪ ದಿನ ತವರಲ್ಲಿರಲಿ. ಗುಬ್ಬೀನ ನಾನು ಸಾಕ್ತೀನಿ.” ಅಣ್ಣ ಎರಡು ಸಲ ಕಾರ್ಡು ಓದಿ ಅಮ್ಮನ ಕೈಗೇ ವಾಪಸು ಕೊಟ್ಟ. ಹೊರಡುವಾಗ ಅತ್ತಿಗೆ ನನಗೆ ಹೇಳಿದ್ದು ಒಂದೇ ಮಾತು: “ಊಟದ ಮಧ್ಯೆ ನೀರು ಕೇಳ್ತಾಳೆ, ಮರೀದೆ ಕೊಡು.”

ನಾನು ಮರೆಯದೆ ಕೊಟ್ಟೆ, ನಲ್ಲಿಯಿಂದ ಹಿಡಿದು.

ಎರಡು ತಿಂಗಳು ಅಮ್ಮ ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಣಿಸಿದರು. ತೂಕ ಇನ್ನೂರು ಗ್ರಾಂ ಇಳಿಯಿತು. ಆಗ ನಾನು ಅವಳನ್ನು ದೊಡ್ಡ ಆಸ್ಪತ್ರೆಗೆ ಹೊತ್ತೊಯ್ದೆ. ಅಮ್ಮನೂ ಜೊತೆಗಿದ್ದರು. ಮಲ ಮತ್ತು ನೀರಿನ ಪರೀಕ್ಷೆಯಾದ ಮೇಲೆ ಮಕ್ಕಳ ವೈದ್ಯೆ ನಮ್ಮನ್ನು ಕೂರಿಸಿ ಹೇಳಿದರು: “ಕರುಳಿನ ಒಳಗೋಡೆ ಟವೆಲ್ ಇದ್ದಂಗೆ, ಮೇಲೆಲ್ಲಾ ಸಣ್ಣ ಸಣ್ಣ ಎಳೆ. ಊಟದ ಸತ್ವ ಹೀರ್ಕೊಳ್ಳೋದು ಆ ಎಳೆಗಳೇ. ನಿಮ್ಮನೆ ನೀರಿಗೆ ಚರಂಡಿ ನೀರು ಸೇರ್ತಿದೆ. ಅದರಲ್ಲಿರೋ ಬ್ಯಾಕ್ಟೀರಿಯಾ ಕರುಳಲ್ಲಿ ವಿಷ ಬಿಡುತ್ವೆ. ಪದೇ ಪದೇ ಹಿಂಗಾದ್ರೆ ಗೋಡೆ ಊದ್ಕೊಂಡು ಎಳೆಗಳು ಸವೆದು ಗಿಡ್ಡ ಆಗ್ತವೆ. ಆಮೇಲೆ ಎಷ್ಟು ತಿನ್ನಿಸಿದ್ರೂ ಮೈಗೆ ಸೇರೋದು ಕಮ್ಮಿ. ಭೇದಿ ಆಗ್ಲೇಬೇಕು ಅಂತೇನೂ ಇಲ್ಲ, ಒಳಗೊಳಗೇ ನಡೀತಿರುತ್ತೆ.”

“ಸರಿಹೋಗುತ್ತಾ ಡಾಕ್ಟ್ರೇ?” ಎಂದೆ.

“ನೀರು ಸರಿಹೋದ್ರೆ ನಿಧಾನಕ್ಕೆ ಸುಧಾರಿಸುತ್ತೆ. ಔಷಧಿನೂ ಕೊಡ್ತೀನಿ. ಅಂದ ಹಾಗೆ, ಇವಳ ತಾಯಿ ಎಲ್ಲಿ?”

ನಾನು ಗುಬ್ಬಿಯ ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿದೆ. ಅಮ್ಮ ಗೋಡೆ ನೋಡಿದರು.

ಈಗ ನಮ್ಮ ಮನೆಯಲ್ಲಿ ನೀರು ಕುದಿಯುತ್ತದೆ. ಅತ್ತಿಗೆ ಮಾತ್ರ ಬಂದಿಲ್ಲ. ಕರೆಸೋಣವೆಂದರೆ ಅಮ್ಮ ಅನ್ನುತ್ತಾರೆ, “ನೀರಿಂದೂ ಇರಬಹುದು. ಆದ್ರೆ ಕಾರ್ಡಲ್ಲಿ ಬರೆದಿರೋದು ಸುಳ್ಳಾ?” ಸುಳ್ಳು, ಬರೆದವಳು ನಾನೇ ಎಂದು ಹೇಳಿದೆ. “ಕಲಿತವಳು ನೀನು, ಸುಮ್ಮಸುಮ್ಮನೆ ಬರೀತೀಯಾ?” ಎಂದು ಅಮ್ಮ ನಕ್ಕುಬಿಟ್ಟರು. ನಮ್ಮ ಮನೆಯಲ್ಲಿ ನನ್ನ ಮಾತಿಗಿಂತ ನಿಮ್ಮ ಸೀಲಿಗೆ ಬೆಲೆ ಹೆಚ್ಚು. ಬಡಾವಣೆಯ ಉಳಿದ ಮನೆಗಳಲ್ಲೂ ಬೇರೆಯೇನಿರಲಾರದು. ಹಾಗಾದರೆ ಆ ಏಳು ತಿಂಗಳ ಕಾರ್ಡುಗಳು ಎಷ್ಟು ಅಡುಗೆಮನೆಗಳಲ್ಲಿ ಎಷ್ಟು ಹೆಂಗಸರನ್ನು ತಲೆ ತಗ್ಗಿಸಿ ನಿಲ್ಲಿಸಿರಬೇಕು? ಅವುಗಳ ಮೇಲೆಲ್ಲ ಇರುವುದು ನನ್ನ ದುಂಡಗಿನ ಅಕ್ಷರ.

ಆದ್ದರಿಂದ ಆ ಮೊದಲ ಚೌಕವನ್ನು ಕಾರ್ಡಿನಿಂದ ತೆಗೆಯಿರಿ. ಉಂಡೂ ಬೆಳೆಯದ ಪ್ರತಿ ಮಗುವಿನ ಮನೆಯ ನೀರನ್ನು ಮೊದಲು ಪರೀಕ್ಷಿಸಿ, ಬೈಗುಳವನ್ನು ಆಮೇಲೆ ಯೋಚಿಸಿ. ಚರಂಡಿ ನೀರು ಒಳನುಗ್ಗುತ್ತಿರುವ ನಮ್ಮ ಬೀದಿಯ ಒಡೆದ ಕೊಳವೆ ರಿಪೇರಿ ಮಾಡಿಸಿ. ನಾನು ಬರೆದದ್ದು ತಪ್ಪೆಂದು ನಿಮ್ಮದೇ ಸೀಲು ಹಾಕಿ ನನ್ನ ಅತ್ತಿಗೆಗೆ ಕಾಗದ ಕೊಡಿ. ಕೆಲಸದಿಂದ ನನ್ನನ್ನು ತೆಗೆಯುವುದಾದರೆ ಅದನ್ನೂ ಮಾಡಿ, ತಕರಾರಿಲ್ಲ.

ಬರುವ ಸೋಮವಾರ ನಾನು ಅತ್ತಿಗೆಯ ತವರಿಗೆ ಹೋಗುತ್ತೇನೆ. ಅಷ್ಟರೊಳಗೆ ನಿಮ್ಮ ಕಾಗದ ಬಂದರೆ ಅದನ್ನು ಹಿಡಿದು, ಬಾರದಿದ್ದರೆ ಈ ಪತ್ರ ಅಚ್ಚಾದ ಹಾಳೆಯನ್ನು ಹಿಡಿದು. ಗುಬ್ಬಿ ನನ್ನ ಸೊಂಟದ ಮೇಲಿರುತ್ತಾಳೆ. ಬಾಗಿಲು ತೆರೆದಾಗ ಅವಳಂತೂ ಕೈಚಾಚುತ್ತಾಳೆ. ನಾನು ಮೊದಲು ಏನು ಹೇಳಬೇಕೆಂಬುದು ನನಗಿನ್ನೂ ಗೊತ್ತಿಲ್ಲ.

ಇಂತಿ,
ಕಂಡದ್ದನ್ನು ಹೇಳದೆ, ಕಾಣದ್ದನ್ನು ಬರೆದ
ನಿಮ್ಮ ತೂಕದ ಮೇಜಿನ ಹುಡುಗಿ