ಎಳೆಸಿಕೊಂಡು ಬಂದ ಗಾಡಿ

ಫೆಬ್ರವರಿ 11

ಗಾಡಿಯ ಸ್ಪಾರ್ಕ್ ಪ್ಲಗ್ ಎರಡೂ ಮತ್ತೆ ಓವನ್ನಿನಲ್ಲಿ ಒಣಗುತ್ತಿವೆ. ಪಕ್ಕದಲ್ಲೇ ಹುಲ್ಡಾ ಅತ್ತೆಯ ಬ್ರೆಡ್. ಬ್ರೆಡ್ಡಿಗೆ ಪೆಟ್ರೋಲ್ ವಾಸನೆ ಹತ್ತಿದರೂ ತಿನ್ನುವವರು ನಾವೇ ಮೂವರು.

ಇವತ್ತೂ ಸೌದೆ ಬರಲಿಲ್ಲ. ಹೋದ ವಸಂತದಲ್ಲಿ ಬೋವಸ್ ಮಾವ ಕಡಿದು ಒಟ್ಟಿದ ಸೌದೆ ಕೊಲ್ಲಿಯ ಆ ತುದಿಯ ಕಾಡಿನಲ್ಲಿದೆ. ಒಲೆ ಈ ತುದಿಯಲ್ಲಿದೆ. ನಡುವೆ ಹೆಪ್ಪುಗಟ್ಟಿದ ಸಮುದ್ರ, ಮತ್ತು ಹಿಮದ ಮೇಲೆ ಓಡುವ ಮಾವನ ಗಾಡಿ, ಸ್ನೋಮೊಬೈಲ್. ಕ್ರಿಸ್‌ಮಸ್ ಆದಮೇಲೆ ಮೊದಲ ಸಲ ಹೋದಾಗ ಪೆಟ್ರೋಲ್ ಪೈಪಿನಲ್ಲಿ ನೀರು ಸೇರಿ ಗಡ್ಡೆಕಟ್ಟಿತು. ಎರಡನೇ ಸಲ ಮುಂದೆ ಜಾರುವ ಎಡಗಡೆಯ ಸ್ಕೀ ಮುರಿಯಿತು. ಇವತ್ತು ಬೆಲ್ಟ್—ನೂಲುನೂಲಾಗಿ ಹರಿದು, ಬೆಕ್ಕು ಉಣ್ಣೆಯುಂಡೆ ಕಿತ್ತುಹಾಕಿದ ಹಾಗೆ.

ರೂಬೆನ್ ಎಳೆದು ತಂದ. ಅತ್ತೆಯ ಅಣ್ಣನ ಮಗ, ಹೊಸ ಗಾಡಿ, ಹಳದಿ ಹಗ್ಗ. ಕೆನಡಾದ ಈ ಲ್ಯಾಬ್ರಡಾರ್ ತೀರದಲ್ಲಿ ದಾರಿ ಮಧ್ಯೆ ನಿಂತ ಗಾಡಿಯನ್ನು ಯಾರೂ ದಾಟಿ ಹೋಗುವುದಿಲ್ಲ. ಒಳ್ಳೆಯದೇ. ಆದರೆ ಆಮೇಲೆ ಊರಿನ ಅಷ್ಟೂ ಕಿಟಕಿಗಳ ಮುಂದೆ ಎಳೆಸಿಕೊಂಡು ಬರಬೇಕು. ಮಾವ ಹ್ಯಾಂಡಲ್ ಹಿಡಿದು ನೆಟ್ಟಗೆ ಕೂತಿದ್ದರು, ತಾವೇ ಓಡಿಸುತ್ತಿರುವಂತೆ. ನಾನು ಹಿಂದೆ, ಖಾಲಿ ಜಾರುಬಂಡಿಯಲ್ಲಿ ತಲೆ ತಗ್ಗಿಸಿ.

ನಾವು ಒಳಗೆ ಬರುವ ಮೊದಲೇ ರೇಡಿಯೋದಲ್ಲಿ ಶುರು. ಊರಿನ ಪ್ರತಿ ಅಡುಗೆಮನೆಯಲ್ಲೂ ಒಬ್ಬರಿಗೊಬ್ಬರು ಮಾತಾಡುವ ರೇಡಿಯೋ, ಒಂದೇ ಚಾನೆಲ್, ದಿನವಿಡೀ.

"ಬೋವಸ್ ಬಂದ್ನಾ?"

"ಬಂದ. ರೂಬೆನ್ ತಂದ."

"ಮುಂದಿನ್ಸಲ ಗಾಡಿ ಮನೇಲೇ ಬಿಟ್ಟು ಬರೀ ಹಗ್ಗ ತಗೊಂಡ್ ಹೋಗು ಅನ್ನಿ."

ಮಾವ ಕೇಳಿಸದವರಂತೆ ಮೀನು ಸೀಳುತ್ತಿದ್ದರು. ಅತ್ತೆ ರೇಡಿಯೋದ ದನಿ ತಗ್ಗಿಸಿದರು. ಆಮೇಲೆ, ಬಾಣಲೆಗೆ ಹೇಳುವಂತೆ:

"ಇನ್ನೊಂದ್ಸಲ ಎಳೆಸ್ಕೊಂಡ್ ಬಂದ್ರೆ ಕೀ ರೂಬೆನ್ ಕೈಗೆ ಕೊಡ್ತೀನಿ. ಎಪ್ಪತ್ತಾಯ್ತು ನಿಮಗೆ. ಮನೇಲಿ ಕೂತ್ಕೊಳಿ."

ಮಾವ ಚಾಕು ಕೆಳಗಿಟ್ಟರು. ಅವರಿಗೆ ಮನೆಯಲ್ಲಿ ಕೂರುವುದು ಬರುವುದಿಲ್ಲ. ಕಾಲೇಜಿನಿಂದ ನಾನು ಇಲ್ಲಿಗೆ ಬಂದ ಅಕ್ಟೋಬರಿನಿಂದ ನೋಡುತ್ತಿದ್ದೇನೆ—ಮನೆಯೊಳಗೆ ಅವರು ಯಾರದೋ ಮನೆಗೆ ಬಂದ ನೆಂಟರಂತೆ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ.

ಫೆಬ್ರವರಿ 12

ಅತ್ತೆಯ ಪ್ರಕಾರ ಇದು ಗಾಡಿಯ ದೋಷವಲ್ಲ, ಗ್ರಹಚಾರ. "ಸತ್ತವನ ಗಾಡಿ. ಅಗ್ಗಕ್ಕೆ ಸಿಕ್ತು ಅಂತ ತಂದ್ರಿ."

"ಸತ್ತವನಿಗೆ ಚೆನ್ನಾಗೇ ಓಡ್ತಿತ್ತಲ್ಲೇ" ಅಂದರು ಮಾವ.

ರೂಬೆನ್ ಕೊಟ್ಟ ಸೌದೆ ಉರಿಯುತ್ತಿದೆ. ಮಾವ ಆ ಒಲೆಯ ಹತ್ತಿರ ಹೋಗುತ್ತಿಲ್ಲ.

ಫೆಬ್ರವರಿ 19

ಕೈ ಬೆರಳು ಮಡಚಲಾಗುತ್ತಿಲ್ಲ. ಆದಷ್ಟು ಬರೆಯುವೆ.

ಇವತ್ತು ಸೌದೆಯವರೆಗೆ ತಲುಪಿದೆವು! ಜಾರುಬಂಡಿ ತುಂಬಿ ಕಟ್ಟಿದೆವು. ಮಾವ ಸಣ್ಣಗೆ ಹಾಡಿಕೊಳ್ಳುತ್ತಿದ್ದರು—ಚರ್ಚಿನಲ್ಲೂ ಹಾಡದವರು. ಚಹಾ ಕಾಯಿಸಿ, ಬ್ರೆಡ್ಡಿಗೆ ಕಾಕಂಬಿ ಸವರಿ ತಿಂದು ಹೊರಟೆವು. ಹೊರಟ ಸ್ವಲ್ಪ ಹೊತ್ತಿಗೇ ಗಾಡಿಯ ಅಡಿಯಿಂದ ಸಣ್ಣ ಸೀಟಿ. ತೆಳ್ಳಗೆ, ಸೊಳ್ಳೆಯ ಹಾಗೆ. ಆಮೇಲೆ ಜೋರಾಗಿ. ಹೇಳಲೇ ಎಂದುಕೊಂಡೆ. ಐವತ್ತು ವರ್ಷ ಎಂಜಿನ್ ಬಿಚ್ಚಿದವರಿಗೆ ಸಾಹಿತ್ಯ ಓದಿದ ನಾನು ಹೇಳುವುದೇ... ಅವರಿಗೆ ಕೇಳಿಸಿರುತ್ತದೆ, ಲೆಕ್ಕವಿಟ್ಟುಕೊಂಡೇ ಓಡಿಸುತ್ತಿರುತ್ತಾರೆ ಎಂದು ಸುಮ್ಮನಾದೆ.

ಗಾಡಿಯ ಅಡಿಯ ಪಟ್ಟಿ ಉರುಳಿಸುವ ಚಕ್ರವೊಂದರ ಬೇರಿಂಗ್ ಕಚ್ಚಿಕೊಂಡಿತು. ಚಕ್ರ ಕಿತ್ತು ಹೋಯಿತು.

ಮಾವ ಬೈಯಲಿಲ್ಲ. ಸೌದೆಯೆಲ್ಲ ದಡದಲ್ಲಿ ಇಳಿಸಿದೆವು. ಒಂದು ಬರ್ಚ್ ಮರದ ತುಂಡನ್ನು ಕೊಡಲಿಯಲ್ಲಿ ಕೆತ್ತಿ, ಚಕ್ರದ ಜಾಗಕ್ಕೆ ತಂತಿಯಿಂದ ಬಿಗಿದರು. ನಡೆಯುವವನ ವೇಗದಲ್ಲಿ ವಾಪಸು. ಊರು ಕಾಣುವ ಮೊದಲೇ ಬಂಡೆಯ ಮರೆಯಲ್ಲಿ ನಿಲ್ಲಿಸಿದರು.

"ಯಾಕೆ ಮಾವ?"

"ಊಟದ ಹೊತ್ತಾಗ್ಲಿ. ಆಗ ಎಲ್ಲರ ಕಣ್ಣೂ ತಟ್ಟೆ ಮೇಲಿರುತ್ತೆ."

ಕಾದೆವು. ಯಾರೂ ಎಳೆಯಲಿಲ್ಲ, ಹಾಗಾಗಿ ಕೀ ಉಳಿಯಿತು. ಸೌದೆ ಇಲ್ಲ.

ಫೆಬ್ರವರಿ 20

ಅಡುಗೆಮನೆಯಲ್ಲಿ ಹೊಗೆ ಎದ್ದರೆ ಎಚ್ಚರಿಸುವ ಅಲಾರಂ ಬ್ಯಾಟರಿ ಮುಗಿದು ಕೂಗುತ್ತಿದೆ. ಚಿಕ್... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿಕ್. ಮೊನ್ನೆಯಿಂದ. ಅತ್ತೆಗೂ ನನಗೂ ತಲೆ ಚಿಟ್ಟು ಹಿಡಿದಿದೆ.

"ರೀ, ಅದಕ್ಕೊಂದು ಬ್ಯಾಟರಿ ಹಾಕ್ಬಾರ್ದಾ? ಹುಚ್ಚು ಹಿಡಿಯುತ್ತೆ."

"ಯಾವುದಕ್ಕೆ?"

"ಸೋಮಾರಿತನಕ್ಕೂ ಒಂದು ಮಿತಿ ಬೇಕು!" ಅತ್ತೆ ತಾವೇ ಕುರ್ಚಿ ಹತ್ತಿದರು.

ಮಾವ ನಿಜವಾಗಿಯೂ ಗೊತ್ತಾಗದೆ ಹಾಗೆ ಪ್ರಶ್ನಿಸಿದ್ದರು. ಮುಖ ನೋಡಿದೆ. ಅಲಾರಂ ಅವರ ತಲೆಯ ಮೇಲೆಯೇ ಇತ್ತು.

ಸೀಟಿ ಅವರಿಗೆ ಕೇಳಿಸಿರಲಿಲ್ಲ. ಬೆಲ್ಟ್ ಹರಿಯುವ ಮುಂಚೆ ಕಿರುಗುಟ್ಟಿದ್ದೂ ಕೇಳಿಸಿರಲಿಲ್ಲ. ಮಾತು ಕೇಳಿಸುತ್ತದೆ, ಎದುರಿಗಿದ್ದರೆ. ತೆಳುವಾದ ಸದ್ದುಗಳು ಹೋಗಿಬಿಟ್ಟಿವೆ, ಬೆನ್ನ ಹಿಂದಿನ ಸದ್ದುಗಳೂ ಹೋಗುತ್ತಿವೆ. ಗ್ರಹಚಾರವೂ ಅಲ್ಲ, ಸತ್ತವನೂ ಅಲ್ಲ.

ಒಂದು ವಿಷಯ ಬರೆಯಲು ಭಯ. ದಾರಿಯಲ್ಲಿ ಎರಡು ದ್ವೀಪಗಳ ನಡುವೆ ಸಂದಿಯಿದೆ. ಕೆಳಗೆ ನೀರಿನ ಸೆಳೆತ ಜೋರು, ಮೇಲಿನ ಮಂಜುಗಡ್ಡೆ ತೆಳು. ಅಲ್ಲಿ ಮಾವ ಪ್ರತಿ ಸಲ ಎಂಜಿನ್ ಆರಿಸಿ, ಟೋಪಿ ತೆಗೆದು, ಕಿವಿಗೊಟ್ಟು ನಿಲ್ಲುತ್ತಾರೆ. ಗಡ್ಡೆ ಒಡೆದು ನೀರು ಬಿಟ್ಟುಕೊಂಡಿದ್ದರೆ ಸದ್ದು ಬರುತ್ತದೆ. ಆಮೇಲೆ "ಸರಿ" ಎಂದು ದಾಟುತ್ತಾರೆ. ನಾನು ಹಿಂದೆ ಕೂತು ನಿಶ್ಚಿಂತೆಯಿಂದ ದಾಟಿದ್ದೇನೆ.

ಏನು ಕೇಳಿ "ಸರಿ" ಅನ್ನುತ್ತಿದ್ದರು?

ಮಾರ್ಚ್ 4

ವಿಮಾನದಲ್ಲಿ ಬೇರಿಂಗ್ ಬಂತು. ಕಿವಿಯ ವಿಷಯ ಅತ್ತೆಗೆ ಹೇಳಿದರೆ ಆ ಕ್ಷಣ ಕೀ ಹೋಯಿತು. ಹೇಳದಿದ್ದರೆ... ದಿನವೂ ಬೆಳಗ್ಗೆ ಹೇಳಬೇಕೆಂದುಕೊಂಡು ಏಳುತ್ತೇನೆ.

ಇವತ್ತು ಶೆಡ್ಡಿನಲ್ಲಿ ಮಾವನ ಹಿಂದೆ ನಿಂತು ಮೆಲ್ಲಗೆ ಕರೆದೆ. ಎರಡು ಸಲ. ತಿರುಗಿದವರು ಬೆಚ್ಚಿಬಿದ್ದರು.

"ಏನೇ ಇದು, ಬೆಕ್ಕಿನ ಹಾಗೆ ಬಂದು ನಿಂತಿದೀಯ?"

"ಚಹಾ ಆಗಿದೆ ಅನ್ನೋಕೆ ಬಂದೆ."

ಚಹಾ ಆಗಿರಲಿಲ್ಲ. ಹೋಗಿ ಮಾಡಿದೆ.

ಮಾರ್ಚ್ 7

ಹೊಸ ಬೇರಿಂಗ್ ಸರಿಯಾಗಿತ್ತು. ಹೋಗುವಾಗ ಬೆಲ್ಟಿನ ಕಿರುಗುಟ್ಟುವಿಕೆ ಶುರು. ಭುಜ ತಟ್ಟಿದೆ. ನಿಲ್ಲಿಸಿದರು.

"ಏನು?"

"ಸದ್ದು ಬರ್ತಿದೆ ಮಾವ."

"ಎಂಜಿನ್ನು. ಸದ್ದು ಬರದೆ ಸಂಗೀತ ಬರುತ್ತಾ?" ಮತ್ತೆ ಹೊರಟರು.

ಮತ್ತೆ ತಟ್ಟಿದೆ. ಈ ಸಲ ಜೋರಾಗಿ. ಸಿಟ್ಟಿನಿಂದಲೇ ಬಾನೆಟ್ ಎತ್ತಿದರು. ಬೆಲ್ಟಿನ ಒಂದು ಅಂಚು ಸುಟ್ಟು ಕೂದಲಿನಂತೆ ನೂಲು ಎದ್ದಿತ್ತು. ಬೆಲ್ಟ್ ಸುತ್ತುವ ಹೊರಗಿನ ಚಕ್ರ ಓರೆ ಕೂತಿತ್ತು. ತುಂಬ ಹೊತ್ತು ನೋಡುತ್ತ ನಿಂತರು, ಬೆಲ್ಟನ್ನು. ಆಮೇಲೆ ನನ್ನನ್ನು. ಚಕ್ರ ನೆಟ್ಟಗೆ ಮಾಡಿ ಬೇರೆ ಬೆಲ್ಟ್ ಹಾಕಿದರು. ಸೌದೆಯ ಹತ್ತಿರ ಹೋಗಿ ಚಹಾ ಕುಡಿಯುವಾಗ ಕೇಳಿದರು:

"ಯಾವಾಗಿಂದ ಗೊತ್ತು?"

"ಅಲಾರಂ ಕೂಗಿದ ದಿನದಿಂದ."

"ಯಾವ ಅಲಾರಂ?"

ನಾನು ನಗಬಾರದಿತ್ತು. ನಕ್ಕುಬಿಟ್ಟೆ. ಅವರೂ ಸ್ವಲ್ಪ ನಕ್ಕರು. ಆಮೇಲೆ ಲೋಟದೊಳಗೆ ನೋಡುತ್ತ, "ಹುಲ್ಡಾಗೆ ಹೇಳ್ಬೇಡ ತಬಿ. ಮನೇಲಿ ಕೂರಿಸಿಬಿಡ್ತಾಳೆ."

ಹೇಳುವುದಿಲ್ಲ ಎಂದೆ. ನಾನಿಲ್ಲದೆ ಹೋಗಬಾರದು ಎಂದೂ ಹೇಳಿದೆ. ತಲೆಯಾಡಿಸಿದರು. ಸಂದಿಯ ಹತ್ತಿರ ಎಂಜಿನ್ ಆರಿಸಿದಾಗ ಟೋಪಿ ತೆಗೆದು ಕಿವಿಗೊಟ್ಟವಳು ನಾನು.

ತುಂಬಿದ ಬಂಡಿಯೊಂದಿಗೆ ಊರೊಳಗೆ ಬಂದಾಗ ಮಾವನ ಜೇಬಿನ ರೇಡಿಯೋದಲ್ಲಿ: "ಬೋವಸ್ ತಾನೇ ಬರ್ತಿದಾನೆ! ಯಾರಾದ್ರೂ ಫೋಟೋ ತೆಗೀರಪ್ಪಾ."

ಮಾರ್ಚ್ 15

ಮತ್ತೆ ಎರಡು ಬಂಡಿ ಸೌದೆ ಬಂತು. ದಾರಿಯಲ್ಲಿ ಪ್ಲಗ್ ಕೆಟ್ಟಿತು, ಸ್ಪ್ರಿಂಗ್ ಮುರಿಯಿತು, ಎಲ್ಲಕ್ಕೂ ಅಲ್ಲಲ್ಲೇ ಮದ್ದಾಯಿತು. ಬೆನ್ನು ನೋವು, ಕೈ ಗಂಟುಗಂಟು. ಪುಸ್ತಕ ತೆರೆದರೆ ನಿದ್ದೆ. ರೂಬೆನ್ ದಾರಿಯಲ್ಲಿ ಸಿಕ್ಕಿ, "ನಿಮ್ ಕಾಲೇಜಲ್ಲಿ ಬೆಲ್ಟಿನ ಮೇಲೂ ಪದ್ಯ ಬರೆಸ್ತಾರೇನೇ?" ಎಂದ. ಉತ್ತರ ಮನೆಗೆ ಬಂದ ಮೇಲೆ ಹೊಳೆಯಿತು. ಯಾವಾಗಲೂ ಹಾಗೆಯೇ.

ಅತ್ತೆ ಖುಷಿಯಾಗಿದ್ದಾರೆ. "ಗಾಡಿಗೆ ಹಿಡಿದಿದ್ದು ಬಿಡ್ತು" ಅನ್ನುತ್ತಾರೆ. ಕೀ ಈಗ ಬಾಗಿಲ ಪಕ್ಕದ ಮೊಳೆಯಲ್ಲಿ, ಯಾರು ಬೇಕಾದರೂ ತೆಗೆದುಕೊಳ್ಳುವಂತೆ.

ಮಾರ್ಚ್ 22, ಮಧ್ಯಾಹ್ನ

ನಿನ್ನೆಯಿಂದ ಜ್ವರ. ಈಗ ಎದ್ದೆ. ಮೊಳೆ ಖಾಲಿ.

"ಬೆಳಗ್ಗೆನೇ ಹೋದ್ರು" ಅಂದರು ಅತ್ತೆ. "ನಿನ್ನ ಎಬ್ಬಿಸ್ಬೇಡ ಅಂದ್ರು. ಗಾಡಿ ಸರಿಯಾಗಿದೆಯಲ್ಲ, ಹೋಗ್ಲಿ ಬಿಡು ಅಂದೆ."

ಸರಿಯಾಗಿದೆ ಎಂದು ಅತ್ತೆ ನಂಬುವಂತೆ ಮಾಡಿದ್ದು ನಾವಿಬ್ಬರು.

ಸಂಜೆ

ಬಂದಿಲ್ಲ. ಬೆಳಕು ಇಳಿಯುತ್ತಿದೆ. ಸಂದಿಯಲ್ಲಿ ನೀರು ಬಿಟ್ಟುಕೊಂಡಿದೆ ಎಂದು ಮಧ್ಯಾಹ್ನದಿಂದ ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಎಲ್ಲರಿಗೂ ಗೊತ್ತು. ಮಾವನ ಜೇಬಿನಲ್ಲೂ ರೇಡಿಯೋ ಇದೆ. ಅತ್ತೆ ಕರೆದರು, ಉತ್ತರವಿಲ್ಲ. "ಆಫ್ ಮಾಡಿರ್ತಾರೆ."

ರಾತ್ರಿ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ರೇಡಿಯೋ ಎತ್ತಿಕೊಂಡೆ. ಬಂದಾಗಿನಿಂದ ಒಂದು ಸಲವೂ ಅದರಲ್ಲಿ ಮಾತಾಡಿದವಳಲ್ಲ. ರೂಬೆನ್, ಮಾವನನ್ನು ಹುಡುಕಲು ಹೋಗಬೇಕು ಎಂದೆ.

"ತಬಿನಾ? ಅರೆ, ಇವಳಿಗೆ ಮಾತು ಬರುತ್ತೆ! ಗಾಬರಿ ಬೀಳ್ಬೇಡ್ವೇ. ತಡ ಆಗಿದೆ ಅಷ್ಟೇ. ಮಾವ ಹಳೇ ಕಾಲದೋರು, ಸಂದೀಲಿ ನೀರು ಕೂಗಿದ್ರೆ ಅರ್ಧ ಮೈಲಿಯಿಂದ್ಲೇ ನಿಂತ್ಕೋತಾರೆ."

ಬಟನ್ ಒತ್ತಿದೆ. "ಅವರಿಗೆ ಕೇಳ್ಸಲ್ಲ. ನೀರೂ ಕೇಳ್ಸಲ್ಲ, ಎಂಜಿನ್ನೂ ಕೇಳ್ಸಲ್ಲ. ಈ ಚಳಿಗಾಲ ಪೂರ್ತಿ ಕೇಳಿಸ್ತಿಲ್ಲ."

ಬಟನ್ ಬಿಟ್ಟೆ. ಆಮೇಲೆ ಯಾವುದೋ ಅಡುಗೆಮನೆಯಿಂದ ಒಬ್ಬ ಮುದುಕರ ದನಿ: "ಏನಂದ್ಲು ಹುಡುಗಿ? ಇನ್ನೊಂದ್ಸಲ ಹೇಳ್ಸಿ, ಕೇಳಿಸ್ಲಿಲ್ಲ."

ಇನ್ನೊಂದು ಸಲ ಹೇಳಿದೆ. ಜೋರಾಗಿ.

ರೂಬೆನ್ "ಹೊರಟೆ" ಎಂದಷ್ಟೇ ಹೇಳಿದ. ಒಂದರ ಹಿಂದೊಂದು ಎಂಜಿನ್‌ಗಳು ಶುರುವಾದವು. ಅತ್ತೆ ಹಿಟ್ಟಿನ ಕೈಯಲ್ಲೇ ನಿಂತಿದ್ದರು.

"ನನ್ಹತ್ರ ಹೇಳೋಕಾಗ್ಲಿಲ್ಲ ನಿನಗೆ. ಊರಿಗೆ ಹೇಳಿದೆ."

ಅಷ್ಟೇ ಅಂದರು. ಮತ್ತೆ ಹಿಟ್ಟಿಗೆ ತಿರುಗಿದರು. ಆ ಹಿಟ್ಟನ್ನು ಎಷ್ಟು ನಾದಿದರೆಂದರೆ ಬ್ರೆಡ್ ಆಗುವ ಹಾಗಿರಲಿಲ್ಲ.

ಮಾವ ಬದುಕಿದ್ದಾರೆ. ಗಾಡಿ ಸೌದೆಯ ಹತ್ತಿರವೇ ಕೆಟ್ಟು ನಿಂತಿತ್ತು, ಬೆಲ್ಟ್. ಬೇರೆ ಬೆಲ್ಟ್ ಇರಲಿಲ್ಲ. ಕೆಡದೆ ಹೊರಟಿದ್ದರೆ ಸಂದಿಗೆ ಬರುವ ಹೊತ್ತಿಗೆ... ಬರೆಯಲಾರೆ.

ರೂಬೆನ್ ಅವರನ್ನು ಮನೆಗೆ ಬಿಟ್ಟು, ಹೊರಗೆ ನನ್ನನ್ನು ಕರೆದು ಹೇಳಿದ. ಸಂದಿ ಬಿಟ್ಟು ಗುಡ್ಡದ ದಾರಿಯಿಂದ ಐದು ಗಾಡಿಯಲ್ಲಿ ಹೋದರಂತೆ. ಮಾವ ಬೆಂಕಿ ಹಾಕಿಕೊಂಡು, ಬೆನ್ನು ತಿರುಗಿಸಿ, ಸೌದೆ ಸೀಳುತ್ತಿದ್ದರಂತೆ. ಐದೂ ಗಾಡಿ ಹಿಂದೆ ಬಂದು ನಿಂತವು. ಅವರು ಕೊಡಲಿ ಎತ್ತುತ್ತಿದ್ದರು, ಇಳಿಸುತ್ತಿದ್ದರು. ಹೆಡ್‌ಲೈಟ್ ಬೆಳಕಿನಲ್ಲಿ ತಮ್ಮ ನೆರಳು ಮರದ ಮೇಲೆ ಬಿದ್ದದ್ದು ಕಂಡಮೇಲೆ ತಿರುಗಿದರು.

"ಯಾರೂ ಮಾತಾಡ್ಲಿಲ್ಲ" ಅಂದ ರೂಬೆನ್. ಅವನೂ ಗೇಲಿ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಮಾರ್ಚ್ 26

ಮಾವ ನನ್ನೊಂದಿಗೆ ಮಾತಾಡುತ್ತಿಲ್ಲ. ಅತ್ತೆಯೂ ಹೆಚ್ಚೇನಿಲ್ಲ. ಕೀ ಅತ್ತೆಯ ಏಪ್ರನ್ ಜೇಬಿನಲ್ಲಿ. ಗಾಡಿಯನ್ನು ನಿನ್ನೆ ಎಳೆದು ತಂದು ಬೇರೆ ಬೆಲ್ಟ್ ಹಾಕಿದರು. ರೇಡಿಯೋದಲ್ಲಿ ಯಾರೂ ಏನೂ ಅನ್ನಲಿಲ್ಲ, ಅದೇ ಕೆಟ್ಟದ್ದು.

ಸಂಜೆ ಮೂವರೂ ಮೇಜಿನ ಸುತ್ತ ಇದ್ದಾಗ ಮಾವ ಇದ್ದಕ್ಕಿದ್ದಂತೆ:

"ಎಷ್ಟು ಹತ್ರ ಬಂದಿದ್ರಂತೆ?"

"ಯಾರು ಮಾವ?"

"ರೂಬೆನ್ ಹೇಳಿರ್ತಾನೆ ನಿನಗೆ. ಲೈಟು ಕಣ್ಣಿಗೆ ಹೊಡೀತಿತ್ತು, ಕಾಣ್ಲಿಲ್ಲ. ನಾನು ತಿರುಗೋ ಹೊತ್ತಿಗೆ ಎಷ್ಟು ಹತ್ರ ಇದ್ರು?"

ಅತ್ತೆ ನನ್ನನ್ನೇ ನೋಡುತ್ತಿದ್ದರು. ಸ್ವಲ್ಪ ದೂರ ಎನ್ನಬಹುದಿತ್ತು. ಗಾಳಿ ಆ ಕಡೆಯಿಂದ ಬೀಸುತ್ತಿತ್ತು ಎನ್ನಬಹುದಿತ್ತು.

"ಕೈ ಚಾಚಿದ್ರೆ ಸಿಗೋಷ್ಟು. ಐದೂ ಗಾಡಿ."

ಮಾವ ತಲೆಯಾಡಿಸಿದರು. ಬ್ರೆಡ್ ಮುರಿದರು, ತಿನ್ನಲಿಲ್ಲ. "ಹಂಗಾದ್ರೆ ಸಂದೀಲಿ..." ಎಂದು ನಿಲ್ಲಿಸಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡುತ್ತ ಕೂತರು, ಕಿವಿಯ ಹಾಗೆ ಅವೂ ಯಾವತ್ತೋ ಹೇಳದೆ ಹೊರಟುಬಿಡುತ್ತವೇನೋ ಎಂಬಂತೆ.

ಅತ್ತೆ ಎದ್ದರು. ತಟ್ಟೆ ಎತ್ತುವಾಗ ಜೇಬಿನಿಂದ ಕೀ ತೆಗೆದು ನನ್ನ ಲೋಟದ ಪಕ್ಕ ಇಟ್ಟರು.

"ಇನ್ನೂ ಅರ್ಧ ಸೌದೆ ಅಲ್ಲೇ ಇದೆ. ಗುಡ್ಡದ ದಾರಿ ತಿಂಗಳ ಕೊನೇವರ್ಗೆ ಗಟ್ಟಿ ಇರುತ್ತೆ. ನಿನ್ನ ಕೈಗೆ ಕೊಡ್ತಿದೀನಿ ತಬಿ. ಅವರ ಕೈಗಲ್ಲ."

ಮಾವ ಮಲಗಲು ಹೋದರು.

ಮಾರ್ಚ್ 27, ಬೆಳಗ್ಗೆ

ರಾತ್ರಿ ನಿದ್ದೆಯಿಲ್ಲ. ಗುಡ್ಡದ ದಾರಿ ನನಗೆ ಗೊತ್ತಿಲ್ಲ. ತುಂಬಿದ ಬಂಡಿ ಕಟ್ಟಿಕೊಂಡು ಇಳಿಜಾರಿನಲ್ಲಿ ಓಡಿಸಿ ಅಭ್ಯಾಸವೂ ಇಲ್ಲ. ಅವರು ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ.

ಈಗ ಕಿಟಕಿಯಿಂದ ನೋಡಿದೆ. ಮಾವ ಗಾಡಿಯ ಮೇಲಿದ್ದಾರೆ. ಹಿಂದಿನ ಸೀಟಿನಲ್ಲಿ. ಮುಂದಿನದು ಖಾಲಿ. ಕೈ ಎರಡೂ ತೊಡೆಯ ಮೇಲೆ, ಮುಖ ನೇರ. ಸ್ಟಾರ್ಟ್ ಮಾಡಿಲ್ಲ. ಯಾವಾಗಿಂದ ಕೂತಿದ್ದಾರೋ, ಟೋಪಿಯ ಮೇಲೆ ತೆಳ್ಳಗೆ ಹಿಮ ಕೂತಿದೆ. ಮೂರು ಮನೆಯವರು ಆಗಲೇ ದಾಟಿ ಹೋದರು, ಒಬ್ಬೊಬ್ಬರೂ ಕೈ ಎತ್ತಿ. ಅವರೂ ಎತ್ತಿದರು.

ಕರೆಯುವುದಿಲ್ಲ, ಗೊತ್ತು. ನಾನು ಹೋಗುವವರೆಗೂ ಹಾಗೇ ಕೂತಿರುತ್ತಾರೆ. ಗಾಡಿ ಇವತ್ತು ಶುರುವಾಗುತ್ತದೋ ಇಲ್ಲವೋ, ಅದು ಬೇರೆ. ಕೀ ಕೈಯಲ್ಲಿದೆ. ಹೋಗಬೇಕು, ಈಗಲೇ.