ಳ ಇಂದ ಶುರುವಾಗುವ ಗ್ರಹ

ಫೆಬ್ರವರಿ 3, ಸೋಮವಾರ

ಹಾರುವ ತಟ್ಟೆಗೆ ಮತ್ತೊಮ್ಮೆ ಬಣ್ಣ ಬಳಿದೆ. ಈಗಲೂ ಪಾತ್ರೆಯ ಮುಚ್ಚಳದ ಹಾಗೇ ಕಾಣುತ್ತಿದೆ. ಸಂಪಾದಕರು ಬೆನ್ನ ಹಿಂದೆ ಬಂದು ನಿಂತರು. “ಮೇಡಂ, ಹಿಡಿಕೆ ಒಂದು ಬಿಟ್ಟುಹೋಗಿದೆ” ಅಂದರು. ನಕ್ಕೆ. ಹಲ್ಲು ಕಚ್ಚಿಕೊಂಡು.

ಇರಲಿ. ಹ ಮುಗಿದರೆ ಉಳಿಯುವುದು ಳ ಒಂದೇ, ಕೋಶವೇ ಮುಗಿದ ಹಾಗೆ. ‘ವಿಜ್ಞಾನ ಕಥೆಗಳ ಸಚಿತ್ರ ಇತಿಹಾಸ ಕೋಶ’. ಹೆಸರು ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತದೆ, ಅದಕ್ಕೇ ಆಫೀಸಿನಲ್ಲಿ ಬರೀ ಕೋಶ. ಒಂದೊಂದು ಅಕ್ಷರ ಶುರುವಾಗುವಾಗಲೂ ನನ್ನದೊಂದು ಪೂರ್ತಿ ಪುಟದ ಚಿತ್ರ. ಅ ಗೆ ಅಂತರಿಕ್ಷ ನೌಕೆ, ಕ ಗೆ ಕಾಲಯಾನ, ಯ ಗೆ ಯಂತ್ರಮಾನವ. ಬೆನ್ನು ಬಿದ್ದುಹೋಗಿದೆ. ಆದರೆ ಪುಟಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ ನೋಡಿದರೆ ನನಗೇ ಹೊಟ್ಟೆಕಿಚ್ಚು, ಯಾರಪ್ಪಾ ಇದನ್ನು ಬರೆದವರು ಅಂತ.

ತಿಂಗಳ ಕೊನೆಗೆ ಪ್ರೆಸ್ಸಿಗೆ. ಕವರ್ ಆಗಲೇ ಅಚ್ಚಾಗಿ ಬಂದಿದೆ. ದಪ್ಪ ಚಿನ್ನದ ಬಣ್ಣದಲ್ಲಿ — ‘ಅ ಇಂದ ಳ ವರೆಗೆ’.

ಫೆಬ್ರವರಿ 4, ಮಂಗಳವಾರ

ಅಯ್ಯೋ ದೇವರೇ.

ಬೆಳಿಗ್ಗೆ ಹೊಸ ಬೋರ್ಡ್ ಪಿನ್ ಮಾಡಿದೆ, ಪೆನ್ಸಿಲ್ ಚೂಪು ಮಾಡಿದೆ, ಮೂಲೆಯಲ್ಲಿ ‘ಳ’ ಅಂತ ಬರೆದೆ. ಚಿತ್ರ ಏನು ಅಂತ ಪಟ್ಟಿ ನೋಡಿದೆ. ಪಟ್ಟಿಯಲ್ಲಿ ಏನೂ ಇಲ್ಲ. ಇರುವುದಾದರೂ ಹೇಗೆ? ಳ ದಿಂದ ಶುರುವಾಗುವ ಒಂದೇ ಒಂದು ಪದ ನಮ್ಮ ಭಾಷೆಯಲ್ಲಿ ಉಂಟೇ? ಪದದ ನಡುವೆ ಬರುತ್ತದೆ, ಕೊನೆಗೆ ಬರುತ್ತದೆ, ಬಾಗಿಲಲ್ಲಿ ಮಾತ್ರ ನಿಲ್ಲುವುದಿಲ್ಲ.

ಎಲ್ಲರೂ ‘ಅ ಇಂದ ಳ ವರೆಗೆ’ ಅನ್ನುತ್ತೇವೆ. ಬಾಯಿಪಾಠ. ಸಂಪಾದಕರು ಅಂದರು, ನಾನು ಬರೆದೆ, ಪ್ರೆಸ್ಸಿನವರು ಅಚ್ಚು ಹಾಕಿದರು. ಇಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ!

ಸಂಪಾದಕರಿಗೆ ಹೇಳಿದೆ. ತಲೆ ಮೇಲೆ ಕೈ ಹೊತ್ತು ಕೂತರು.

ಫೆಬ್ರವರಿ 5

ಮೀಟಿಂಗ್. ಕಾಫಿ ಎರಡು ಸುತ್ತು ಬಂತು, ಬುದ್ಧಿ ಒಂದು ಸುತ್ತೂ ಬರಲಿಲ್ಲ.

ಸಂಪಾದಕರ ಪರಿಹಾರ: ಕವರ್ ಮೇಲೆ ಸ್ಟಿಕ್ಕರ್. ‘ಅ ಇಂದ ಹ ವರೆಗೆ’.

“ಸರ್, ಜನ ಅದನ್ನ ‘ಅಹಾ’ ಅಂತ ಓದ್ಕೋತಾರೆ.”

“ಓದ್ಕೊಳ್ಳಿ ಬಿಡಿ. ಒಳ್ಳೇದೇ ಅಲ್ವಾ?”

ನನ್ನ ಚಿನ್ನದ ಅಕ್ಷರದ ಮೇಲೆ ಬ್ಯಾಂಡೇಜ್! ಒಂದು ಳ ಪದ ಹುಟ್ಟಿಸಿಬಿಡೋಣ ಅಂದೆ. ಸಂಪಾದಕರು ತಮ್ಮ ಮಂತ್ರ ಹೇಳಿದರು — “ಅಚ್ಚಾಗಿರ್ಬೇಕು ಮೇಡಂ. ಅಚ್ಚಾಗಿದ್ದನ್ನ ನಾನು ಕಣ್ಣಾರೆ ನೋಡಿರ್ಬೇಕು. ಇಲ್ಲಾಂದ್ರೆ ಕೋಶದಲ್ಲಿ ಜಾಗ ಇಲ್ಲ.” ಈ ಮಂತ್ರಕ್ಕೆ ನನ್ನ ಎಷ್ಟೋ ಒಳ್ಳೆಯ ಚಿತ್ರಗಳು ಬಲಿಯಾಗಿವೆ. ಆದರೆ ಮಾತು ಸರಿ, ಅದೇ ಸಂಕಟ.

ಅದೇ ದಿನ, ಸಂಜೆ

ಅಮ್ಮ ಪದಬಂಧ ಬಿಡಿಸುತ್ತಾ ಕೂತಿದ್ದಳು. ನಗುತ್ತಾಳೆ ಅಂತ ಎಲ್ಲ ಹೇಳಿದೆ. ನಗಲಿಲ್ಲ. ಪೆನ್ನಿನ ಕ್ಯಾಪ್ ಹಾಕಿದಳು.

“ಳ ದಿಂದ ಶುರುವಾಗೋದು ಬೇಕಾ? ಳಳಿ.”

ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಎದೆಯೊಳಗೆ ಎಲ್ಲೋ ಒಂದು ಬಾಗಿಲು ತೆರೆಯಿತು. ಳಳಿ! ಳೂ ಗ್ರಹದ ಳಳಿ! ಅವಳ ನಾಯಿ ಳೊಟ್ಟ! ನನಗಾಗ ಐದು ವರ್ಷ. ಗೋಡೆಯ ಮೇಲೆ ಅಕ್ಷರಮಾಲೆಯ ಚಾರ್ಟು. ಅ ಗೆ ಅರಸ, ಆ ಗೆ ಆನೆ. ಳ ಗೆ ಮಾತ್ರ ಬಳೆ. “ಬಳೆ ಬ ಮನೇದಲ್ವಾ, ಳ ಗೆ ಸ್ವಂತ ಮನೆ ಇಲ್ವಾ?” ಅಂತ ಅತ್ತು ರಂಪ ಮಾಡಿದ್ದೆನಂತೆ. ಸಮಾಧಾನ ಮಾಡಲು ಅಮ್ಮ ಕಟ್ಟಿದ ಕಥೆ. ಭೂಮಿಯ ಮೇಲೆ ಯಾರೂ ತನ್ನನ್ನು ಮುಂದೆ ನಿಲ್ಲಿಸಲಿಲ್ಲ ಅಂತ ಮುನಿಸಿಕೊಂಡ ಳ ಬೇರೊಂದು ಗ್ರಹಕ್ಕೆ ಹೋಯಿತು. ಅಲ್ಲಿ ಎಲ್ಲರ ಹೆಸರೂ ಳ ದಿಂದಲೇ. ಭೂಮಿಯ ನೌಕೆಯೊಂದು ಅಲ್ಲಿ ಇಳಿಯುತ್ತದೆ. ಳ ದಿಂದ ಮಾತು ಶುರು ಮಾಡಿದರೆ ಮಾತ್ರ ಊರ ಬಾಗಿಲು ತೆರೆಯುವುದು, ಭೂಮಿಯವರಿಗೆ ನಾಲಿಗೆಯೇ ಹೊರಳದು...

“ಚೆನ್ನಾಗಿದೆ ಅಮ್ಮ. ಆದ್ರೆ ಅಚ್ಚಾಗಿರ್ಬೇಕಲ್ಲ.”

“ಆಗಿತ್ತು,” ಅಂದಳು. “ಹಾಳಾಗೂ ಹೋಯ್ತು.”

ಎದ್ದು ಅಡುಗೆಮನೆಗೆ ಹೋದಳು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಫೆಬ್ರವರಿ 6

ಇವತ್ತು ಬಾಯಿ ಬಿಟ್ಟಳು. ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ.

ಆಗ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು. ಕಥೆಯನ್ನು ಒಂದು ಮಾಸಪತ್ರಿಕೆಯ ಮಕ್ಕಳ ಪುಟಕ್ಕೆ ಕಳಿಸಿದಳು. ಹೆಸರು ಹಾಕಿಕೊಳ್ಳಲು ನಾಚಿಕೆ, ‘ಒಬ್ಬ ಅಮ್ಮ’ ಅಂತ ಸಹಿ. ಬಂತು! ಆದರೆ ಅಲ್ಲಿನ ಪ್ರೂಫ್ ನೋಡುವವರು ಜಾಣರು. ಳ ದಿಂದ ಪದ ಶುರುವಾಗುವುದುಂಟೇ, ಯಾರೋ ತಪ್ಪು ಬರೆದಿದ್ದಾರೆ ಅಂತ ಎಲ್ಲ ಹೆಸರನ್ನೂ ತಿದ್ದಿಬಿಟ್ಟರು. ಳಳಿ ಲಲಿಯಾದಳು. ಳೂ ಲೂ ಆಯಿತು. ಭೂಮಿಯವರಿಗೆ ಲ ಅನ್ನಲು ಬರದು ಅಂತ ಅಚ್ಚಾಯಿತು. ಕಥೆಗೆ ಅರ್ಥವೇ ಉಳಿಯಲಿಲ್ಲ.

ಅಮ್ಮ ಪತ್ರಿಕೆಗೆ ಫೋನ್ ಮಾಡಿ ಜಗಳವಾಡಿದಳಂತೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ: ‘ಲ ಇರುವ ಕಡೆಯಲ್ಲೆಲ್ಲ ಳ ಎಂದು ಓದಿಕೊಳ್ಳಬೇಕು.’

“ಎಲ್ಲೆಲ್ಲೂ?” ಅಂದೆ.

“ಎಲ್ಲೆಲ್ಲೂ. ಅದರ ಮುಂದಿನ ತಿಂಗಳು ಯಾವನೋ ತರ್ಲೆ ಪತ್ರ ಬರೆದ. ತಿದ್ದುಪಡಿ ಪ್ರಕಾರ ಓದಿದೆ, ಳಳಿ ಬೆಳಿಗ್ಗೆ ಎದ್ದು ಹಾಳು ಕುಡಿದಳು, ಕಾಳು ತೊಳೆದಳು, ಹುಳಿ ನೋಡಿ ಹೆದರಿದಳು — ಅಂತ. ಎಕ್ಸ್‌ಚೇಂಜಲ್ಲಿ ಅದನ್ನ ಗಟ್ಟಿಯಾಗಿ ಓದಿ ಓದಿ ನಕ್ಕರು ಕಣೇ. ಬರೆದೋಳು ನಾನು ಅಂತ ಗೊತ್ತಿತ್ತು ಅವ್ರಿಗೆ. ವರ್ಷಗಟ್ಟಲೆ ಕಾಫಿ ಹೊತ್ತಿಗೆ, ‘ಹಾಳು ಕುಡೀತೀರಾ?’”

ನನಗೆ ನಗು ತಡೆಯಲಾಗಲಿಲ್ಲ. ಅಮ್ಮನ ಕಣ್ಣು ನೋಡಿದ್ದೇ, ಅವಳ ಕೈಯಿಂದ ಪಾತ್ರೆ ಇಸಿದುಕೊಂಡು ನಾನೇ ತೊಳೆಯಲು ನಿಂತೆ. ಆಮೇಲೆ ಅವಳು ಏನನ್ನೂ ಬರೆಯಲಿಲ್ಲ. ತನ್ನ ಪ್ರತಿಗಳನ್ನು ಹರಿದು ಒಲೆಗೆ ಹಾಕಿದಳಂತೆ.

ಆಗಲೇ ತೀರ್ಮಾನಿಸಿದೆ. ಳಳಿ ಕೋಶಕ್ಕೆ ಬರಬೇಕು. ಳ ದಲ್ಲೇ.

ಫೆಬ್ರವರಿ 12

ಲೈಬ್ರರಿಯಲ್ಲಿ ಸಿಕ್ಕಿತು! ನಾನು ಶಾಲೆಗೆ ಸೇರಿದ ವರ್ಷದ ಸಂಚಿಕೆಗಳ ಬೈಂಡ್. ಧೂಳಿಗೆ ಸೀನಿ ಸೀನಿ ಸಾಕಾಯಿತು. ‘ಲೂ ಗ್ರಹದ ಲಲಿ’, ಬರೆದವರು: ಒಬ್ಬ ಅಮ್ಮ. ನೌಕೆಯ ಪುಟ್ಟ ಚಿತ್ರವೂ ಇದೆ, ನನ್ನ ತಟ್ಟೆಗಿಂತ ವಾಸಿ. ಮುಂದಿನ ಸಂಚಿಕೆಗಳು ಮಾತ್ರ ಬೈಂಡಿನಲ್ಲಿ ಇಲ್ಲ.

ಫೋಟೋ ಹಿಡಿದು ಸಂಪಾದಕರ ಹತ್ತಿರ ಓಡಿದೆ. ಓದಿದರು. ಮುಖ ಅರಳಿತು. “ಭರ್ಜರಿ ಕಥೆ ಮೇಡಂ! ಸೇರಿಸೋಣ,” ಅಂದರು. ಕುಣಿಯುವುದೊಂದು ಬಾಕಿ ನನಗೆ. ಅಷ್ಟರಲ್ಲಿ — “ಲ ಅಡಿಯಲ್ಲಿ.”

“ಸರ್!”

“ಅಚ್ಚಾಗಿರೋದು ಲ ಅಂತ. ನಾನೇನು ಮಾಡ್ಲಿ?”

ಅಮ್ಮನಿಗೆ ಮತ್ತೊಮ್ಮೆ ಅದೇ ಅವಮಾನ, ಈ ಸಲ ಆರ್ಟ್ ಪೇಪರ್ ಮೇಲೆ. ಹಾಗಾದರೆ ಬೇಡವೇ ಬೇಡ ಅಂದೆ. ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಬಂದೆ. ತಿದ್ದುಪಡಿ ಬೇಕು. ಅದೂ ಅಚ್ಚಾದದ್ದೇ ತಾನೇ?

ಫೆಬ್ರವರಿ 19

ಹಳೇ ಪುಸ್ತಕದ ಅಂಗಡಿಗಳು, ರದ್ದಿ ಅಂಗಡಿಗಳು. ಚಪ್ಪಲಿ ಸವೆಯಿತು. ಸ್ಟಿಕ್ಕರ್ ಡಿಸೈನ್ ಮಾಡಿಕೊಡಿ ಅಂದರು ಸಂಪಾದಕರು. ತಲೆನೋವು ಅಂದೆ.

ಫೆಬ್ರವರಿ 21

ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ರಾಕೆಟ್ ಮೇಷ್ಟ್ರು!

ರಿಟೈರಾದ ಫಿಸಿಕ್ಸ್ ಮೇಷ್ಟ್ರು. ಪತ್ರಿಕೆಗಳಲ್ಲಿ ರಾಕೆಟ್ ಚಿತ್ರ ಬಂದರೆ ಸಾಕು, ಬಚ್ಚಿಡುವ ಆಸಾಮಿ. ಕೋಶದ ಅರ್ಧ ಚಿತ್ರಗಳು ಅವರ ಕಪಾಟಿನಿಂದಲೇ ಬಂದದ್ದು. ಫೋನ್ ಮಾಡಿದೆ. ಪತ್ರಿಕೆಯ ಹೆಸರು, ವರ್ಷ ಹೇಳುತ್ತಿದ್ದಂತೆ ಅವರ ದನಿ ಜಿಗಿಯಿತು. “ಆ ವರ್ಷದ್ದಾ? ಪೂರ್ತಿ ಇದೆ! ನನ್ನ ಮೊದಲ ಬರಹ ಅಚ್ಚಾಗಿದ್ದು ಆ ವರ್ಷಾನೇ!”

ಹಳೇ ಕಾಗದವನ್ನು ಯಾರ ಕೈಗೂ ಕೊಡುವವರಲ್ಲ. ತಾವೇ ಹೊತ್ತು ತರುತ್ತಾರಂತೆ, ನಾಳೆ, ಮನೆಗೆ.

ಫೆಬ್ರವರಿ 22, ಶನಿವಾರ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು.

ಮೇಷ್ಟ್ರು ಬಂದರು. ಬಟ್ಟೆಯಲ್ಲಿ ಸುತ್ತಿದ ಬೈಂಡು, ಎತ್ತಿಕೊಂಡ ಮಗುವಿನ ಹಾಗೆ. ಮೇಜು ಒರೆಸಲು ಹೇಳಿದರು, ನನ್ನ ಕೈ ತೊಳೆಸಿದರು. ಪುಟ ತಿರುಗಿಸಿದರು. ಇತ್ತು! ತಿದ್ದುಪಡಿ. ಪುಟದ ಬುಡದಲ್ಲಿ, ಚೌಕಟ್ಟಿನೊಳಗೆ. ನನಗೆ ಜೀವ ಬಂತು.

“ತಡೀರಿ, ನನ್ನ ಬರಹ ಓದ್ತೀನಿ,” ಅಂದರು ಮೇಷ್ಟ್ರು. ಮುಂದಿನ ಸಂಚಿಕೆ ತೆಗೆದರು. ಓದುಗರ ಪತ್ರಗಳು. ಎದೆಯುಬ್ಬಿಸಿ ಶುರು ಮಾಡಿದರು — “‘ಮಾನ್ಯರೇ, ನೀವು ಅಪ್ಪಣೆ ಕೊಡಿಸಿದಂತೆಯೇ ಓದಿದೆ. ಳಳಿ ಬೆಳಿಗ್ಗೆ ಎದ್ದು ಹಾಳು ಕುಡಿದು, ಕಾಳು ತೊಳೆದು, ಗಾಳಿಯಿಳ್ಳದ ಗಾಡಿ ಹತ್ತಿ...’”

ನಾನು ತಿರುಗಿ ನೋಡಿದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಮೇಷ್ಟ್ರು ಪೂರ್ತಿ ಓದಿದರು, ಹುಳಿಯವರೆಗೂ. “ಹತ್ತನೇ ಕ್ಲಾಸ್ ಹುಡುಗ ಆಗ ನಾನು,” ಅಂತ ಕನ್ನಡಕ ಒರೆಸಿಕೊಂಡರು.

ಅಮ್ಮ ಮುಂದೆ ಬಂದಳು. ಬಹಳ ಮರ್ಯಾದೆಯಿಂದ ಕೇಳಿದಳು: “ಮೇಷ್ಟ್ರೇ, ಕಾಫಿಗೆ ಹಾಲು ಹಾಕ್ಲಾ, ಹಾಳು ಹಾಕ್ಲಾ?”

ಮೇಷ್ಟ್ರು ನಕ್ಕರು. ನಾನು ನಗಲಿಲ್ಲ, ಅಮ್ಮ ನಗಲಿಲ್ಲ. ಅವರ ನಗು ಮೆಲ್ಲಗೆ ಆರಿತು. ಅಮ್ಮನನ್ನು ನೋಡಿದರು, ಪುಟವನ್ನು ನೋಡಿದರು, ‘ಒಬ್ಬ ಅಮ್ಮ’ ಅನ್ನುವ ಸಹಿಯನ್ನು ನೋಡಿದರು. ಎದ್ದು ನಿಂತರು, ಕ್ಲಾಸಿನಲ್ಲಿ ಸಿಕ್ಕಿಬಿದ್ದವರ ಹಾಗೆ.

“ನೀವಾ ಅಮ್ಮಾ?”

“ನಾನೇ.”

“ಆ ಕಥೆ ನನಗೆ ಎಷ್ಟು ಇಷ್ಟ ಆಗಿತ್ತು ಗೊತ್ತಾ? ನಾನು ಫಿಸಿಕ್ಸ್ ಓದಿದ್ದೇ ಅದರಿಂದ. ಮುಂದಿನ ಭಾಗ ಬರುತ್ತೆ ಅಂತ ಪ್ರತಿ ತಿಂಗಳೂ ಕಾದೆ. ಬರ್ಲೇ ಇಲ್ಲ.”

“ಹೇಗೆ ಬರುತ್ತೋ? ನೀನು ಬಿಟ್ಟರೆ ತಾನೇ!” ‘ನೀವು’ ಹೋಗಿ ‘ನೀನು’ ಆಗಿತ್ತು. “ಎಷ್ಟು ದಿನ ಕಾದೆ?”

“ಇನ್ನೂ ಕಾಯ್ತಾ ಇದೀನಿ ಅಮ್ಮಾ.”

ಅಮ್ಮ ಒಳಗೆ ಹೋದಳು. ಕಾಫಿ ಬಂತು, ಹಾಲು ಹಾಕಿದ್ದು. ಮೇಷ್ಟ್ರು ಎರಡು ಲೋಟ ಕುಡಿದರು. ನನಗೆ ಅಳು ಬಂದು ಬಚ್ಚಲಿಗೆ ಹೋಗಿ ಮುಖ ತೊಳೆದೆ.

ಫೆಬ್ರವರಿ 24

ಸಂಪಾದಕರ ಮೇಜಿನ ಮೇಲೆ ಬೈಂಡು. ಪಕ್ಕದಲ್ಲಿ ಮೇಷ್ಟ್ರು, ಪೋಲೀಸರ ಹಾಗೆ ಕಾವಲು. ಸಂಪಾದಕರು ಕಥೆ ಓದಿದರು, ತಿದ್ದುಪಡಿ ಓದಿದರು, ಮತ್ತೆ ಓದಿದರು.

“ತಿದ್ದುಪಡಿಯೂ ಅಚ್ಚಾಗಿದೆ,” ಅಂದೆ.

“ಅಚ್ಚಾಗಿದೆ.”

“ಕಣ್ಣಾರೆ ನೋಡಿದ್ರಿ.”

“ನೋಡಿದೆ ಕಣ್ರೀ.” ಕುರ್ಚಿಯಿಂದ ಎದ್ದರು. “ಳ! ಹೋಗಿ, ಬರೀರಿ ನಿಮ್ಮ ಳ! ಸ್ಟಿಕ್ಕರ್‌ನ ಕಸದ ಬುಟ್ಟಿಗೆ ಹಾಕಿ!”

ಗೆದ್ದೆ! ಗೆದ್ದೆ! ಮೆಟ್ಟಿಲು ಇಳಿಯುವಾಗ ಮೇಷ್ಟ್ರೂ ನಾನೂ “ಳಳಿ! ಳೊಟ್ಟ!” ಅಂತ ಕೂಗುತ್ತಿದ್ದೆವು. ವಾಚ್‌ಮನ್ ಗೇಟು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತ.

ಫೆಬ್ರವರಿ 27

ಳೂ ಗ್ರಹ ಮುಗಿಯಿತು. ನೇರಳೆ ಆಕಾಶ, ಊರ ಬಾಗಿಲು, ಬಾಗಿಲಲ್ಲಿ ಳಳಿ. ಮುಖ ಯಾರದ್ದು ಅಂತ ಯಾರಿಗೂ ಹೇಳಿಲ್ಲ. ಎಕ್ಸ್‌ಚೇಂಜಿನ ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲಿನ ಎರಡು ಜಡೆಯ ಹುಡುಗಿ.

ಮಾರ್ಚ್ 5

ಪ್ರೆಸ್ಸಿನಿಂದ ಮನೆಗೇ ಪ್ರೂಫ್ ಬಂತು. ‘ಲೂ ಗ್ರಹದ ಲಲಿ’.

ನಿಂತ ಕಾಲಲ್ಲೇ ಪ್ರೆಸ್ಸಿಗೆ ಫೋನ್ ಮಾಡಿದೆ. “ತಪ್ಪಿತ್ತು ಮೇಡಂ, ನಾವೇ ಸರಿ ಮಾಡಿದ್ವಿ,” ಅಂತ ಹೆಮ್ಮೆಯಿಂದ ಹೇಳಿದ ಪುಣ್ಯಾತ್ಮ! ನಾನು ಕಿರುಚುವ ಮೊದಲೇ ಅಮ್ಮ ಚಪ್ಪಲಿ ಹಾಕಿಕೊಂಡಾಗಿತ್ತು. “ನಡಿ. ಆಗ ಫೋನ್ ಮಾಡಿ ಕೆಟ್ಟೆ. ಈ ಸಲ ನಾನೇ ಹೋಗಿ ಕೂರ್ತೀನಿ.”

ಕೂತಳು. ಮೆಷಿನ್ನಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು. ಒಂದೊಂದು ಳ ದ ಮೇಲೂ ಬೆರಳಿಟ್ಟು ನೋಡಿದಳು. ಹಾಲು ಹಾಲಾಗಿಯೇ ಇದೆಯೇ ಅಂತಲೂ ನೋಡಿದಳು. ಆಮೇಲೆ, “ಹ್ಞೂಂ, ಹಾಕಿ,” ಅಂದಳು. ಮೆಷಿನ್ ಗುಡುಗಿತು. ಹಾಳೆಗಳು ಒಂದರ ಮೇಲೊಂದು ಬಿದ್ದವು, ಎಲ್ಲದರಲ್ಲೂ ಳಳಿ.

ಏಪ್ರಿಲ್ 11

ಬಂತು! ಕೋಶ ಬಂತು. ಇಟ್ಟಿಗೆಯಷ್ಟು ಭಾರ, ಹೊಸ ಅಂಟಿನ ವಾಸನೆ. ಕವರ್ ಮೇಲೆ ಬ್ಯಾಂಡೇಜ್ ಇಲ್ಲ. ಅ ಇಂದ ಳ ವರೆಗೆ, ಎದೆ ತಟ್ಟಿ ಹೇಳಬಹುದು.

ಅಮ್ಮ ಮೊದಲ ಪುಟ ನೋಡಲಿಲ್ಲ, ಸೀದಾ ಕೊನೆಗೆ ಹೋದಳು. ‘ಒಬ್ಬ ಅಮ್ಮ’, ಅದರ ಕೆಳಗೆ ಅವಳ ಹೆಸರು, ಪೂರ್ತಿ, ಇನಿಷಿಯಲ್ ಸಮೇತ. ಅದನ್ನು ಬೆರಳಲ್ಲಿ ಸವರಿದಳು. ಚಿತ್ರದ ಳಳಿಯನ್ನು ತುಂಬ ಹೊತ್ತು ನೋಡಿದಳು. “ಜಡೆ ಇಷ್ಟು ದಪ್ಪ ಇರ್ಲಿಲ್ಲ ಕಣೇ,” ಅಂದಳು. ಕಣ್ಣು ತುಂಬಿತ್ತು. ನನ್ನದೂ.

ಮೇಷ್ಟ್ರು ಫೋನ್ ಮಾಡಿದ್ದರು. ಅಮ್ಮನೇ ತೆಗೆದಳು. “ಹ್ಞಾಂ... ಗೊತ್ತು, ಕಾಯ್ತಾ ಇದೀಯ... ಆಯ್ತಪ್ಪ, ಆಯ್ತು,” ಅಂತ ಇಟ್ಟಳು.

ಈಗ ಎದುರಿಗೆ ಬಂದು ಕೂತಿದ್ದಾಳೆ. ಕೈ ನಡುಗುತ್ತೆ, ನೀನು ಬರ್ಕೋ, ಅನ್ನುತ್ತಾಳೆ. ಹಾಳೆ ತರುತ್ತೇನೆ ಅಂದರೆ ಬೇಡವಂತೆ, ತಡವಾದರೆ ಹಾರಿಹೋಗುತ್ತದಂತೆ, ಇದರಲ್ಲೇ ಬರೆಯಬೇಕಂತೆ. ಳ ನ ನೆಟ್ಟಗೆ ಬರಿ, ಅನ್ನುತ್ತಾಳೆ. ಸರಿ ಅಮ್ಮ, ಹೇಳು.

ಳಳಿಯ ಮಗಳು ಳೂಮಿ ಒಂದು ದಿನ ಊರ ಬಾಗಿಲ ಮೇಲೆ ಹತ್ತಿ ಕೆಳಗೆ ನೋಡಿದಳು. ದೂರದಲ್ಲಿ ಭೂಮಿ ಕಾಣಿಸಿತು. ಅಲ್ಲಿ ಯಾರೋ ಒಬ್ಬ ಹುಡುಗ, ಇನ್ನೂ ಕಾಯುತ್ತಾ...