ಎಲ್ಲರೂ ಸೇನಾಪತಿಗಳೇ

ಯೂನಿಯನ್ ಸಿಟಿ, ಅಮೆರಿಕ, ಭಾನುವಾರ

ಪ್ರೀತಿಯ ತಾತಾ,

ನೀವು ಪಾಠ ಮಾಡುತ್ತಿದ್ದ ಪೊಳ್ಳಿಲೂರು ಯುದ್ಧವನ್ನು ಇಲ್ಲಿನ ಕನ್ನಡ ಶಾಲೆಯ ಮಕ್ಕಳಿಂದ ಬರುವ ಶನಿವಾರ ನಾಟಕ ಆಡಿಸಬೇಕು. ಅಪ್ಪ ಅಮ್ಮಂದಿರೆಲ್ಲ ತಮ್ಮ ಮಗುವೇ ಸೇನಾಪತಿ ಆಗಬೇಕೆಂದರು. ನಾನು ಸಂಕೋಚಕ್ಕೆ ಯಾರಿಗೂ ಇಲ್ಲವೆನ್ನಲಿಲ್ಲ. ಈ ಕಡೆ ಹೈದರ್, ಟಿಪ್ಪು, ಆ ಕಡೆ ಇಂಗ್ಲಿಷ್ ಕಂಪನಿಯ ಬೇಯ್ಲಿ, ಮನ್ರೋ, ಉಳಿದವರೆಲ್ಲ ದಳಪತಿಗಳು. ಇವತ್ತು ತಾಲೀಮಿಗೆ ನಿಲ್ಲಿಸಿದರೆ ಸಿಪಾಯಿ ಒಬ್ಬನೂ ಇಲ್ಲ! ನಾಟಕವನ್ನೇ ಕೈಬಿಡುವ ಹಾಗಾಯಿತು.

ಮೊಮ್ಮಗಳನ್ನು ಕರೆತಂದಿದ್ದ ಮಂಡ್ಯದ ಕೆಂಪಮ್ಮಜ್ಜಿ ಎದ್ದರು. "ನಾವೇ ಸಿಪಾಯಿಗೋಳು ಆಯ್ತೀವಿ ಬುಡವ್ವ. ಸೀರೆ ಮ್ಯಾಲೆ ಸ್ವೆಟ್ರು ಐತಲ್ಲ, ಅದೇ ಯೂನಿಫಾರ್ಮು."

ಆರು ಅಜ್ಜಿಯರು ಬಂದು ಟಿಪ್ಪುವಿನ ಹಿಂದೆಯೇ ನಿಂತರು. ಕಂಪನಿ ಸೇನೆಯಲ್ಲೂ ಅಪ್ಪಣೆ ಕೊಡುವವರಷ್ಟೇ ಬಿಳಿಯರು, ಸಿಪಾಯಿಗಳು ಬಹುಪಾಲು ನಮ್ಮವರೇ ಎಂದು ಮೆಲ್ಲಗೆ ಹೇಳಿದೆ. ಕೆಂಪಮ್ಮಜ್ಜಿ ಪಕ್ಕದಲ್ಲಿದ್ದ ಗುಲ್ಶನ್ ಅಜ್ಜಿಯ ಕೈ ಹಿಡಿದರು. "ಬಾ ಗುಲ್ಶನಮ್ಮ, ಆ ಕಡೀಕ್ ಹೋಗವ. ಪಾಪ, ಹೊಟ್ಟೆಪಾಡಿಗೆ ಸೇರ್ಕೊಂಡೋರು ಅವ್ರೂವೆ."

ಅಜ್ಜಿಯರಿಗೆ ಅಪ್ಪಣೆ ಕೊಡಲು ಮಾತ್ರ ಸೇನಾಪತಿಗಳೆಲ್ಲ ನಾಚಿ ನಿಂತರು. "ನೀನೇ ಕೂಗವ್ವ," ಎಂದರು ಕೆಂಪಮ್ಮಜ್ಜಿ. ಕೂಗಿದೆ ತಾತಾ, ಗಟ್ಟಿಯಾಗಿ. ಎರಡೂ ಸೇನೆಗಳು ಒಟ್ಟಿಗೆ ಹೆಜ್ಜೆ ಹಾಕಿದವು.

ನನ್ನ ಕೆಮ್ಮು ಹೋಗಿದೆ. ಬಿಪಿ ಮಾತ್ರೆ ತಪ್ಪಿಸಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ಬಿಂದು